ಕಾಫಿ ತೋಟದ ಮಣ್ಣು ಕೈಗೆ ಮರಳು ಅನ್ನಿಸುತ್ತದೆ, ಲ್ಯಾಬ್ ಕ್ಲೇ (ಜೇಡಿ) ಅನ್ನುತ್ತದೆ. ಸ್ಪರ್ಧೆಗೆ ಮೂರೇ ವಾರ, ಏನು ಮಾಡೋದು?

ಗುಂಡಿಯೊಳಗಿನ ಹುಡುಗ, ಹಾಸನ

ನಮಸ್ಕಾರ ಎಲ್ಲರಿಗೂ. ನಾನು ಹಾಸನದಲ್ಲಿ ಬಿ.ಎಸ್ಸಿ. ಕೃಷಿ ಮೂರನೇ ವರ್ಷ ಓದುತ್ತಿದ್ದೇನೆ. ಡಿಸೆಂಬರ್ 5, ವಿಶ್ವ ಮಣ್ಣು ದಿನದ ಹೊತ್ತಿಗೆ ಚಿಕ್ಕಮಗಳೂರು ಕಡೆ ಕಾಲೇಜುಗಳ ನಡುವೆ ಮಣ್ಣು ಓದುವ ಸ್ಪರ್ಧೆ ಇದೆ. ನಮ್ಮಲ್ಲಿಂದ ನಾಲ್ಕು ಜನ ಹೋಗುತ್ತಿದ್ದೇವೆ. ಇದೇನಪ್ಪಾ ಅನ್ನುವವರಿಗೆ ಹೇಳಿಬಿಡುತ್ತೇನೆ. ಒಂದೂವರೆ ಮೀಟರ್ ಆಳದ ಗುಂಡಿ ತೋಡಿರುತ್ತಾರೆ. ಒಳಗೆ ಇಳಿದು ಗೋಡೆ ನೋಡಿ, ಪದರ ಎಷ್ಟಿವೆ, ಯಾವುದು ಎಲ್ಲಿ ಶುರು ಎಲ್ಲಿ ಮುಗಿಯುತ್ತದೆ, ಬಣ್ಣ ಏನು, ಮರಳೆಷ್ಟು ಕ್ಲೇ ಎಷ್ಟು, ನೀರು ಎಷ್ಟು ಹಿಡಿಯುತ್ತದೆ, ಇದು ಯಾವ ಗುಂಪಿನ ಮಣ್ಣು ಅಂತೆಲ್ಲ ಒಂದು ಗಂಟೆಯೊಳಗೆ ಶೀಟ್ ತುಂಬಿಸಬೇಕು. ಯಂತ್ರ ಗಿಂತ್ರ ಏನೂ ಇಲ್ಲ. ಕೈ, ಕಣ್ಣು, ಒಂದು ಚಾಕು, ಒಂದು ಬಾಟಲಿ ನೀರು, ಮಣ್ಣಿನ ಬಣ್ಣ ಹೋಲಿಸಿ ನೋಡುವ ಮನ್ಸೆಲ್ ಪುಸ್ತಕ, ಅಷ್ಟೇ.

ಇಲ್ಲಿಯವರೆಗೆ ಮೂರು ಗುಂಡಿ ನೋಡಿದ್ದೇವೆ. ಒಂದು ಇಲ್ಲೇ ಹತ್ತಿರದ, ಆಲೂಗಡ್ಡೆ ಕಿತ್ತ ಹೊಲ. ಎರಡನೆಯದು ಸಕಲೇಶಪುರದ ಆಚೆ ಒಂದು ಕಾಫಿ ತೋಟ. ಮೂರನೆಯದು ಅದೇ ತೋಟದ ಕೆಳಗಿನ ಗದ್ದೆ. ಹೊಲದ ಮಣ್ಣಲ್ಲಿ ನಾವು ಹೇಳಿದ್ದಕ್ಕೂ ಲ್ಯಾಬ್ ರಿಪೋರ್ಟಿಗೂ ಎರಡು ಮೂರು ಪರ್ಸೆಂಟ್ ವ್ಯತ್ಯಾಸ. ಗದ್ದೆಯೂ ಪರವಾಗಿಲ್ಲ. ಕಾಫಿ ತೋಟದಲ್ಲಿ ಮಾತ್ರ ಮಾನ ಹೋಯಿತು.

ಏನಾಯಿತು ಅಂದರೆ, ಎರಡನೇ ಪದರದ ಮಣ್ಣನ್ನು ನಾನು ಕೈಗೆ ತೆಗೆದುಕೊಂಡೆ, ನೀರು ಹಾಕಿ ಉಂಡೆ ಮಾಡಿ ಹೆಬ್ಬೆರಳು ತೋರುಬೆರಳ ನಡುವೆ ರಿಬ್ಬನ್ ಎಳೆದೆ. ಈ ಪಟ್ಟಿ ಮುರಿಯದೆ ಉದ್ದ ಬಂದಷ್ಟೂ ಕ್ಲೇ ಜಾಸ್ತಿ ಅಂತ ಲೆಕ್ಕ. ಎರಡು ಸೆಂಟಿಮೀಟರಿಗೆ ಮುರಿದು ಬಿತ್ತು. ಬೆರಳಿಗೆ ತರಿತರಿ ಹತ್ತುತ್ತಿತ್ತು. ಕ್ಲೇ 28 ಪರ್ಸೆಂಟ್ ಅಂತ ಬರೆದೆ. ಇನ್ನಿಬ್ಬರು 26, 30 ಅಂತ ಬರೆದರು. ಲ್ಯಾಬಿನದು ಎಷ್ಟು ಗೊತ್ತಾ? 52! ಮೇಲಿನ ಪದರದಲ್ಲೂ ಹಾಗೇ, ನಾವು 26 ಅಂದದ್ದು 36. ನಮ್ಮ ಸರ್ ಶೀಟ್ ನೋಡಿ ಏನೂ ಬೈಯಲಿಲ್ಲ, ಸುಮ್ನೆ ಕನ್ನಡಕ ತೆಗೆದು ಒರೆಸಿದರು. ಬೈದಿದ್ದರೆ ಚೆನ್ನಾಗಿತ್ತು.

ಇನ್ನೂ ತಲೆ ಕೆಡಿಸಿದ್ದು ಏನೆಂದರೆ, ನಮ್ಮ ಟೀಮಿನ ನಾಲ್ಕನೆಯವನು ಒಬ್ಬ ಮಾತ್ರ 48 ಅಂದ. ಅವನು ನಮ್ಮಲ್ಲಿ ಎಲ್ಲರಿಗಿಂತ ಸೋಮಾರಿ. ನಾವು ಗುಂಡಿಯಲ್ಲಿ ಬೆವರು ಸುರಿಸುವಾಗ ಅವನು ಅಂಚಿನಲ್ಲಿ ಕೂತು ಒಂದು ಕೈಯಲ್ಲಿ ಮಣ್ಣು, ಇನ್ನೊಂದು ಕೈಯಲ್ಲಿ ಫೋನು, ಅವರಮ್ಮನ ಜೊತೆ ಮಾತಾಡುತ್ತಿದ್ದ. ಹೇಗೆ ಗೊತ್ತಾಯಿತೋ ಅಂತ ಕೇಳಿದರೆ "ಗೊತ್ತಿಲ್ಲ ಕಣೋ, ಅಂಟು ಅನ್ನಿಸ್ತು" ಅಂತಾನೆ. ಹಾಗಾದರೆ ಇದು ಅದೃಷ್ಟವಾ?

ಇನ್ನೊಂದು. ಆ ಗುಂಡಿಯಲ್ಲಿ ಮೇಲಿಂದ ಕೆಳಗಿನವರೆಗೆ ಎಲ್ಲಾ ಒಂದೇ ಕೆಂಪು. ಗೆರೆ ಎಲ್ಲಿ ಹಾಕುವುದು? ಗ್ರೂಪ್ ಸುತ್ತಿನಲ್ಲಿ ನಾಲ್ಕು ಜನ ಸೇರಿ ಒಂದೇ ಶೀಟ್ ಕೊಡಬೇಕು, ಅಲ್ಲಂತೂ ಜಗಳವೇ ಜಗಳ. ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ ಸರ್ವೆಯವನು, ಕಡೂರು

ತಮ್ಮ, ನಿನ್ನ ಸೋಮಾರಿ ಗೆಳೆಯನದು ಅದೃಷ್ಟ ಅಲ್ಲ. ಉತ್ತರ ನಿನ್ನ ಪ್ರಶ್ನೆಯಲ್ಲೇ ಇದೆ. ಅವನು ಫೋನಿನಲ್ಲಿ ಎಷ್ಟು ಹೊತ್ತು ಮಾತಾಡಿದ? ಐದು ನಿಮಿಷ? ಅಷ್ಟು ಹೊತ್ತೂ ಅವನ ಕೈ ಮಣ್ಣನ್ನು ನಾದುತ್ತಲೇ ಇತ್ತು. ನೀವು ಮೂರು ಜನ ಅರ್ಧ ನಿಮಿಷ ಹಿಸುಕಿ ರಿಬ್ಬನ್ ಎಳೆದಿರಿ. ಅಷ್ಟೇ ವ್ಯತ್ಯಾಸ.

ಮಲೆನಾಡಿನ ಕೆಂಪು ಮಣ್ಣು ಮೋಸದ ಮಣ್ಣು. ಮಳೆ ಜಾಸ್ತಿ ಬಿದ್ದು ಸಾವಿರಾರು ವರ್ಷ ತೊಳೆದು ತೊಳೆದು, ಉಳಿದಿರುವುದರಲ್ಲಿ ಕಬ್ಬಿಣದ ಆಕ್ಸೈಡು ಹೆಚ್ಚು. ಆ ಕೆಂಪು ಬಣ್ಣವೂ ಅದರದೇ. ಈ ಆಕ್ಸೈಡು ಅಂಟಿನ ಹಾಗೆ ಕೆಲಸ ಮಾಡುತ್ತದೆ. ಕ್ಲೇ ಕಣಗಳನ್ನು ಹಿಡಿದು ಸಣ್ಣ ಸಣ್ಣ ಗಟ್ಟಿ ಹರಳು ಮಾಡಿಬಿಡುತ್ತದೆ. ಒಂದೊಂದು ಹರಳೂ ಮರಳಿನಷ್ಟೇ ದಪ್ಪ. ನಿನ್ನ ಬೆರಳಿಗೆ ಅದು ಮರಳು ಅನ್ನಿಸುವುದು ಸಹಜ. ಒಳಗಿರುವುದೆಲ್ಲ ಕ್ಲೇ. ನೀರು ಹಾಕಿ ಚೆನ್ನಾಗಿ ನಾದಿದಾಗಲೇ ಆ ಹರಳು ಒಡೆದು ಕ್ಲೇ ಬಿಟ್ಟುಕೊಡುತ್ತದೆ. ಸೆಟ್ಟಾದ ಬೆಲ್ಲದ ಪುಡಿಯನ್ನು ಬೆರಳಲ್ಲಿ ತಿಕ್ಕಿದ ಹಾಗೆ. ಮೊದಲು ತರಿ, ಆಮೇಲೆ ಅಂಟು.

ಮಾಡುವುದು ಹೀಗೆ. ನಿಂಬೆಹಣ್ಣಿನ ಗಾತ್ರದಷ್ಟು ಮಣ್ಣು ತೆಗೆದುಕೊ. 2 ಮಿಲಿಮೀಟರಿಗಿಂತ ದಪ್ಪ ಇರುವ ಕಲ್ಲು, ಗರಸು, ಬೇರು ಎಲ್ಲ ಆರಿಸಿ ಬಿಸಾಡು. ನೀರು ಹನಿ ಹನಿ ಹಾಕು, ಒಂದೇ ಸಲ ಸುರಿಯಬೇಡ. ಚಪಾತಿ ಹಿಟ್ಟಿನ ಹದ ಬರಬೇಕು. ಕೈಗೆ ಮೆತ್ತಿಕೊಂಡರೆ ನೀರು ಜಾಸ್ತಿ ಆಯಿತು, ಒಣ ಮಣ್ಣು ಸ್ವಲ್ಪ ಸೇರಿಸು. ಈಗ ನಾದು. ಒಂದು ನಿಮಿಷಕ್ಕೆ ಒಂದು ರಿಬ್ಬನ್ ಎಳೆದು ನೋಡು. ಮತ್ತೆ ನಾದು. ಮತ್ತೆ ಎಳೆ. ಎರಡು ಸಲ ಎಳೆದಾಗಲೂ ಒಂದೇ ಉದ್ದ ಬಂದರೆ ಮಾತ್ರ ನಂಬು. ಅಲ್ಲಿಯವರೆಗೆ ಮಣ್ಣು ನಿನಗೆ ನಿಜ ಹೇಳುತ್ತಿಲ್ಲ ಅಂತ ಲೆಕ್ಕ. ಎರಡೂವರೆ ಸೆಂಟಿಮೀಟರಿನ ಒಳಗೆ ಮುರಿದರೆ ಲೋಮ್ (ದಪ್ಪ, ಸಣ್ಣ ಕಣ ಎಲ್ಲ ಬೆರೆತ ಮಣ್ಣು) ಕಡೆಯದು, ಎರಡೂವರೆಯಿಂದ ಐದರವರೆಗೆ ಕ್ಲೇ ಲೋಮ್ ಕಡೆಯದು, ಐದು ದಾಟಿದರೆ ಕ್ಲೇ. ಇದು ನಿಮ್ಮ ಪುಸ್ತಕದಲ್ಲೂ ಇರುತ್ತದೆ. ಎಷ್ಟು ಹೊತ್ತು ನಾದಬೇಕು ಅನ್ನುವುದನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ.

ಇನ್ನು ಈ ಒಂದು ತಪ್ಪು ಎಲ್ಲೆಲ್ಲಿ ಹೋಗಿ ಬಡಿಯಿತು ನೋಡು. ಮೇಲಿನ ಪದರದ ಕ್ಲೇ 15 ರಿಂದ 40 ರ ನಡುವೆ ಇದ್ದರೆ, ಕೆಳಗಿನದು ಅದರ 1.2 ಪಟ್ಟು ಇದ್ದಾಗ ಮಾತ್ರ ಅದನ್ನು ಕ್ಲೇ ಇಳಿದು ಕೂತ ಪದರ ಅನ್ನುತ್ತೇವೆ, ಅಲ್ವಾ? ನಿನ್ನ ಲೆಕ್ಕದಲ್ಲಿ 26 ಕ್ಕೆ 28. ಬೇಕಿದ್ದದ್ದು 31. ಹಾಗಾಗಿ ನೀನು ಅದನ್ನು ಬರೀ ಬಿಡಬ್ಲ್ಯು (Bw, ಬಣ್ಣ ರಚನೆ ಮಾತ್ರ ಬದಲಾದ ಪದರ) ಅಂತ ಬರೆದಿರುತ್ತೀಯ. ಲ್ಯಾಬಿನ ಲೆಕ್ಕದಲ್ಲಿ 36 ಕ್ಕೆ 43 ಸಾಕಿತ್ತು, ಇದೆ 52. ಅದು ಬಿಟಿ (Bt), ಅಂದರೆ ಕ್ಲೇ ಇಳಿದು ಕೂತ ಪದರ. ಕ್ಲೇ ಅಂಕೆ ತಪ್ಪಿತು, ಪದರದ ಹೆಸರು ತಪ್ಪಿತು, ಮಣ್ಣಿನ ಗುಂಪು ತಪ್ಪಿತು, ನೀರು ಹಿಡಿಯುವ ಲೆಕ್ಕ ತಪ್ಪಿತು. ಬೆರಳಲ್ಲಿ ಆದ ಒಂದು ತಪ್ಪಿಗೆ ನಾಲ್ಕು ಕಡೆ ಮಾರ್ಕ್ಸ್ ಹೋಯಿತು.

ಇನ್ನೊಂದು ಎಚ್ಚರಿಕೆ. ನಿಮ್ಮ ಲ್ಯಾಬ್ ರಿಪೋರ್ಟಿನಲ್ಲಿ ಯಾವ ಪದ್ಧತಿ ಬಳಸಿದ್ದಾರೆ ಅಂತ ಕೇಳಿ ತಿಳಿದುಕೊ. ನಮ್ಮ ಕಡೆ ಎಷ್ಟೋ ಲ್ಯಾಬುಗಳಲ್ಲಿ ಅಂತರರಾಷ್ಟ್ರೀಯ ಪದ್ಧತಿ. ಅದರಲ್ಲಿ 0.02 ಮಿ.ಮೀ. ಮೇಲಿನದೆಲ್ಲ ಮರಳು. ಸ್ಪರ್ಧೆಯ ಶೀಟಿನಲ್ಲಿ ಇರುವ, ಕಣಗಳ ಪ್ರಮಾಣ ನೋಡಿ ಮಣ್ಣಿಗೆ ಹೆಸರು ಕೊಡುವ 12 ಹೆಸರಿನ ತ್ರಿಕೋನ ಅಮೆರಿಕದ್ದಾದರೆ ಅಲ್ಲಿ ಮರಳು ಶುರುವಾಗುವುದೇ 0.05 ರಿಂದ. ನಡುವಿನ ಪುಡಿ ಒಬ್ಬರಿಗೆ ಮರಳು, ಇನ್ನೊಬ್ಬರಿಗೆ ಸಿಲ್ಟ್ (ಮರಳಿಗಿಂತ ಸಣ್ಣ, ಕ್ಲೇಗಿಂತ ದಪ್ಪ ಕಣ). ಕ್ಲೇ ಮಾತ್ರ ಎರಡರಲ್ಲೂ 0.002 ಕ್ಕಿಂತ ಸಣ್ಣದು. ಹಾಗಾಗಿ ಆ ರಿಪೋರ್ಟಿನಿಂದ ಕ್ಲೇಗೆ ಕೈ ಪಳಗಿಸಿಕೊ, ಸಿಲ್ಟಿಗೆ ಬೇಡ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ಗೊತ್ತಾಗದೆ ಆರು ತಿಂಗಳು ನನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆ.

ಕೊನೆಗೆ ಒಂದು ಕೆಲಸ ಮಾಡಿ. ಲ್ಯಾಬಿನಲ್ಲಿ ಪರೀಕ್ಷೆ ಮುಗಿದು ಮಿಕ್ಕ ಮಣ್ಣು ಇದ್ದೇ ಇರುತ್ತದೆ. ಕ್ಲೇ 10 ರಿಂದ 60 ರವರೆಗೆ ಹತ್ತು ಬಗೆ ಕೇಳಿ ಇಸ್ಕೊಂಡು ಹಾರ್ಲಿಕ್ಸ್ ಬಾಟಲಿಗೆ ತುಂಬಿಸಿ. ಅಂಕೆಯನ್ನು ಬಾಟಲಿಯ ತಳಕ್ಕೆ ಅಂಟಿಸಿ, ಕಾಣಬಾರದು. ದಿನಾ ಸಂಜೆ ಒಬ್ಬ ಕೊಡುವುದು, ಇನ್ನೊಬ್ಬ ಕಣ್ಣು ಮುಚ್ಚಿ ಹೇಳುವುದು. ಮೂರು ವಾರ ಧಾರಾಳ ಸಾಕು.

ಕೆರೆ ಏರಿ

ಇಷ್ಟೆಲ್ಲಾ ಯಾಕೆ, ಹಲ್ಲಲ್ಲಿ ಒಂಚೂರು ಕಚ್ಚಿ ನೋಡಿ. ಕರಕರ ಅಂದರೆ ಮರಳು, ಬೆಣ್ಣೆ ಹಾಗಿದ್ದರೆ ಜೇಡಿ. ನಮ್ಮ ತಾತ ಹಾಗೇ ನೋಡುತ್ತಿದ್ದರು. ನೀರಿಲ್ಲದಿದ್ದರೆ ಎಂಜಲು ಹಾಕಿ ಕಲಸುತ್ತಿದ್ದರು.

ತೋಟದ ಮನೆ, ಮೂಡಿಗೆರೆ

ಕೆರೆ ಏರಿಯವರೇ, ನಿಮ್ಮ ತಾತನ ಕಾಲದಲ್ಲಿ ಸರಿ ಮಾರಾಯ್ರೆ. ಈಗ ಕಾಫಿ ತೋಟದ ಮಣ್ಣನ್ನು ದಯವಿಟ್ಟು ಯಾರೂ ಬಾಯಿಗೆ ಇಟ್ಟುಕೊಳ್ಳಬೇಡಿ. ವರ್ಷ ವರ್ಷ ಬೋರ್ಡೋ ದ್ರಾವಣ ಹೊಡೆಯುತ್ತೇವೆ, ಅದರಲ್ಲಿ ಮೈಲುತುತ್ತ ಇದೆ, ತಾಮ್ರ ಮಣ್ಣಿನಲ್ಲಿ ಸೇರಿಕೊಂಡೇ ಇರುತ್ತದೆ. ಕಳೆನಾಶಕ, ಗೊಬ್ಬರ ಬೇರೆ. ಕೈಯಲ್ಲಿ ನಾದಿದ ಮೇಲೂ ಸೋಪು ಹಾಕಿ ತೊಳೆದೇ ಬುತ್ತಿ ಬಿಚ್ಚಿ.

ನನಗೆ ಕ್ಲೇ ಪರ್ಸೆಂಟ್ ಎಲ್ಲ ತಿಳಿಯದು. ನಮ್ಮ ತೋಟದಲ್ಲಿ ಎರಡು ಸಲ ಕಾಲೇಜು ಮಕ್ಕಳು ಬಂದು ಗುಂಡಿ ತೋಡಿದ್ದಾರೆ, ಹಾಗಾಗಿ ಒಂದೆರಡು ಮಾತು.

ಒಂದು, ಬಣ್ಣ. ಈ ಮಕ್ಕಳು ಆ ಬಣ್ಣದ ಪುಸ್ತಕ ಹಿಡಿದು ಗುಂಡಿಯೊಳಗೇ ನಿಂತು ಒಬ್ಬ ಒಂದು ಪುಟ ಅನ್ನುತ್ತಿದ್ದ, ಇನ್ನೊಬ್ಬಳು ಮತ್ತೊಂದು ಪುಟ ಅನ್ನುತ್ತಿದ್ದಳು. ಮೇಲೆ ನೋಡಿದರೆ ಸಿಲ್ವರ್ ಓಕ್, ಅತ್ತಿ, ಹಲಸು, ಪೂರ್ತಿ ನೆರಳು. ಎಲೆ ನಡುವಿಂದ ಬರುವ ಬೆಳಕೇ ಹಸಿರು. ಅದರಲ್ಲಿ ಕೆಂಪು ಹೇಗೆ ಸರಿಯಾಗಿ ಕಾಣಬೇಕು? ಸೀರೆ ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ನೋಡಿದ ಸೀರೆಯನ್ನು ಬಾಗಿಲಿಗೆ ತಂದು ನೋಡುವುದಿಲ್ವಾ, ಹಾಗೆ ಹೆಂಟೆಯನ್ನು ಬಿಸಿಲಿಗೆ ತನ್ನಿ ಅಂದೆ. ತಂದರು. ಇಬ್ಬರೂ ಒಂದೇ ಪುಟಕ್ಕೆ ಬಂದರು.

ಎರಡು, ಗುಂಡಿ. ನೀವು ಓದಿ ಹೋಗುತ್ತೀರಿ, ನಾವು ಅಲ್ಲೇ ಓಡಾಡುವವರು. ಮೊದಲ ಸಲ ಬಂದವರು ಮುಚ್ಚದೇ ಹೋದರು, ಮೇಲೆ ನಾಲ್ಕು ಸೊಪ್ಪು ಹಾಕಿದ್ದರು. ಪಕ್ಕದ ಮನೆಯ ಕರು ಬಿತ್ತು. ಪುಣ್ಯಕ್ಕೆ ಕಾಲು ಮುರಿಯಲಿಲ್ಲ. ತೋಡುವಾಗ ಮೇಲಿನ ಕಪ್ಪು ಮಣ್ಣು ಒಂದು ಕಡೆ, ಕೆಳಗಿನ ಕೆಂಪು ಮಣ್ಣು ಇನ್ನೊಂದು ಕಡೆ ಗುಡ್ಡೆ ಹಾಕಿ, ಮುಚ್ಚುವಾಗ ಅದೇ ಸಾಲಿನಲ್ಲಿ ಮುಚ್ಚಿ. ಎಲ್ಲ ಕಲಸಿ ತುಂಬಿದ ಜಾಗದಲ್ಲಿ ನಮ್ಮ ಗಿಡ ಎರಡು ವರ್ಷ ಮುಖ ಎತ್ತಲಿಲ್ಲ. ಮಳೆ ಬಂದ ಮರುದಿನ ಒಳಗೆ ಇಳಿಯಬೇಡಿ, ಗೋಡೆ ಕುಸಿಯುತ್ತದೆ. ಇಂಬಳಕ್ಕೆ ಸುಣ್ಣ ಹೊಗೆಸೊಪ್ಪು ಇಟ್ಟುಕೊಂಡಿರಿ, ಪೇಟೆ ಮಕ್ಕಳು ಕಿರುಚಿದ್ದು ಕೇಳಿ ನಮ್ಮ ನಾಯಿ ಹೆದರಿತ್ತು.

ಇನ್ನು ಸ್ವಲ್ಪ ದಿನಕ್ಕೆ ಅರೇಬಿಕಾ ಕುಯ್ಲು ಜೋರಾಗುತ್ತದೆ. ಆಮೇಲೆ ಗುಂಡಿ ತೋಡಲು ಆಳು ಕೇಳಬೇಡಿ, ಬೇಕಾದರೆ ಈಗಲೇ ಬನ್ನಿ. ಕಾಫಿ ನಾನು ಕೊಡುತ್ತೇನೆ.

ಮರಳಿ ಬಂದವಳು, ಅರಸೀಕೆರೆ

ನಾನು ಅಮೆರಿಕದಲ್ಲಿ ಎಂ.ಎಸ್. ಮಾಡುವಾಗ ಅಲ್ಲಿಯ ಕಾಲೇಜು ಟೀಮಿನ ಜೊತೆ ಓಡಾಡಿದ್ದೇನೆ. ಅಲ್ಲಿ ಇದು ದಶಕಗಳಿಂದ ನಡೆಯುತ್ತಿದೆ, ಕ್ರಿಕೆಟ್ ಟೀಮ್ ಇದ್ದ ಹಾಗೆ ಮಣ್ಣಿನ ಟೀಮ್ ಇರುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಯೂ ಇದೆ. ಮೊದಲನೆಯದು 2014 ರಲ್ಲಿ ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲಿ, ವಿಶ್ವ ಮಣ್ಣು ವಿಜ್ಞಾನ ಸಮ್ಮೇಳನದ ಜೊತೆಗೆ ಆಯಿತು. ಆಮೇಲೆ 2018 ರಲ್ಲಿ ಬ್ರೆಜಿಲ್, 2022 ರಲ್ಲಿ ಸ್ಕಾಟ್‌ಲೆಂಡ್. ಅಷ್ಟು ದೂರ ಈಗಲೇ ಬೇಡ ಬಿಡಿ, ಮೊದಲು ಚಿಕ್ಕಮಗಳೂರು.

ಅಲ್ಲಿಯ ನಿಯಮ ನಿಮ್ಮಲ್ಲೂ ಇದ್ದರೆ ಉಪಯೋಗಕ್ಕೆ ಬರಲಿ ಅಂತ ಹೇಳುತ್ತೇನೆ. ಗುಂಡಿಯ ಗೋಡೆಯಲ್ಲಿ ಒಂದು ಪಟ್ಟಿಗೆ ಟೇಪ್ ಇಳಿಬಿಟ್ಟು ಗುರುತು ಹಾಕಿರುತ್ತಾರೆ, ಅಲ್ಲಿ ಯಾರೂ ಚಾಕು ಹಾಕುವಂತಿಲ್ಲ. ಎಲ್ಲರೂ ಕೆರೆದು ಕೆರೆದು ಹಾಳಾದ ಮೇಲೆ ಅದೊಂದೇ ಜಾಗ ಇದ್ದ ಹಾಗೇ ಇರುತ್ತದೆ. ಮೂರನೇ ಪದರದಲ್ಲಿ ಎಲ್ಲೋ ಒಂದು ಮೊಳೆ ಗುರುತಿಗೆ ಹೊಡೆದಿರುತ್ತಾರೆ. ಎಷ್ಟು ಪದರ ಬರೆಯಬೇಕು, ಎಷ್ಟು ಆಳದವರೆಗೆ ಅಂತ ಒಂದು ಕಾರ್ಡ್ ಇರುತ್ತದೆ. ಕೈಯಿಂದ ತಿಳಿಯಲಾಗದ ಲ್ಯಾಬ್ ಅಂಕೆಗಳೂ ಅದರಲ್ಲೇ ಇರುತ್ತವೆ. ಮಳೆ ಕಡಿಮೆ ಇರುವ ನಮ್ಮ ಅರಸೀಕೆರೆ ಕಡೆಯ ಕೆಂಪು ಮಣ್ಣು ಸಾಮಾನ್ಯವಾಗಿ ಆಲ್ಫಿಸಾಲ್ (ಪೋಷಕಾಂಶ ಇನ್ನೂ ಉಳಿದ ಗುಂಪು), ಮಲೆನಾಡಿನದು ಅದೆಲ್ಲ ತೊಳೆದು ಹೋಗಿ ಅಲ್ಟಿಸಾಲ್ ಗುಂಪು ಆಗಿರಬಹುದು. ಆದರೆ ಅದನ್ನು ತೀರ್ಮಾನ ಮಾಡುವುದು ಬೇಸ್ ಸ್ಯಾಚುರೇಷನ್ (ಕ್ಯಾಲ್ಸಿಯಂ, ಮೆಗ್ನೀಸಿಯಂ ತರಹದ್ದನ್ನು ಮಣ್ಣು ಎಷ್ಟು ಪರ್ಸೆಂಟ್ ಹಿಡಿದಿದೆ ಅನ್ನುವುದು) 35 ರ ಮೇಲಿದೆಯಾ ಕೆಳಗಿದೆಯಾ ಅನ್ನುವುದು. ಅದು ಯಾರ ಕೈಗೂ ಸಿಗುವುದಲ್ಲ. ಕಾರ್ಡ್ ಮೊದಲು ಓದಿ. ನಮ್ಮ ಟೀಮಿನ ಒಬ್ಬ ಕಾರ್ಡ್ ನೋಡದೆಯೇ ಐದು ಪದರ ಬರೆದ, ಕೇಳಿದ್ದು ನಾಲ್ಕು.

ಗೆರೆ ಎಲ್ಲಿ ಅಂತ ಕೇಳಿದ್ದೀರಿ. ಇದನ್ನು ನಾನು ತುಂಬಾ ಒದ್ದಾಡಿ ಕಲಿತೆ. ಮೊದಲು ಮುಟ್ಟಬೇಡಿ. ಎರಡು ಹೆಜ್ಜೆ ಹಿಂದೆ ನಿಂತು ಸುಮ್ನೆ ನೋಡಿ. ಆಮೇಲೆ ಮೇಲಿಂದ ಕೆಳಗೆ ಕೆರೆಯುತ್ತಾ ಬನ್ನಿ, ಕೆಳಗಿಂದ ಶುರು ಮಾಡಿದರೆ ಮೇಲಿನ ಪುಡಿ ಬಿದ್ದು ಎಲ್ಲ ಮುಚ್ಚಿಹೋಗುತ್ತದೆ. ಬಣ್ಣ ಒಂದೇ ಇದ್ದರೆ ಬಣ್ಣವನ್ನು ಮರೆತುಬಿಡಿ. ಚಾಕುವಿನ ತುದಿಯನ್ನು ಹತ್ತತ್ತು ಸೆಂಟಿಮೀಟರಿಗೆ ಒಂದು ಸಲ ಒಂದೇ ಬಲದಲ್ಲಿ ಚುಚ್ಚುತ್ತಾ ಇಳಿಯಿರಿ. ಎಲ್ಲೋ ಒಂದು ಕಡೆ ಚಾಕು ತಡೆಯುತ್ತದೆ. ಬೇರು ಎಲ್ಲಿ ದಟ್ಟ ಇದೆ, ಎಲ್ಲಿ ಕಡಿಮೆಯಾಯಿತು ನೋಡಿ. ಹೆಂಟೆ ಮುರಿದರೆ ಮೇಲೆ ಪುಡಿಪುಡಿ ಕಾಳಿನ ಹಾಗೆ ಒಡೆಯುವುದು ಕೆಳಗೆ ಮೂಲೆ ಮೂಲೆಯಾಗಿ ಒಡೆಯುತ್ತದೆ. ಆ ಮುರಿದ ಮುಖವನ್ನು ಲೆನ್ಸಿನಲ್ಲಿ ನೋಡಿ, ಕ್ಲೇ ಇಳಿದು ಕೂತಿದ್ದರೆ ಎಣ್ಣೆ ಸವರಿದ ಹಾಗೆ ತೆಳು ಹೊಳಪು ಕಾಣುತ್ತದೆ. ಚಾಕುವಿನಲ್ಲಿ ಕತ್ತರಿಸಿದ ಮುಖ ನೋಡಬೇಡಿ, ಕ್ಲೇ ಇರುವ ಯಾವ ಮಣ್ಣಾದರೂ ಹಾಗೆ ಕತ್ತರಿಸಿದರೆ ಹೊಳೆಯುತ್ತದೆ.

ಪ್ರತಿ ಹತ್ತು ಸೆಂಟಿಮೀಟರಿನ ಮಣ್ಣನ್ನೂ ಸಾಲಾಗಿ ಇಟ್ಟುಕೊಳ್ಳಲು ನಾವು ಅಲ್ಲಿ ಕೇಕ್ ಮಾಡುವ ಗುಳಿ ತಟ್ಟೆ ಬಳಸುತ್ತಿದ್ದೆವು. ನನಗೆ ಅದನ್ನು ನೋಡಿದಾಗಲೆಲ್ಲ ಇಡ್ಲಿ ತಟ್ಟೆಯೇ ನೆನಪಾಗುತ್ತಿತ್ತು. ಹಾಸ್ಟೆಲ್ ಮೆಸ್ಸಿನಲ್ಲಿ ಒಂದು ಹಳೇ ಇಡ್ಲಿ ತಟ್ಟೆ ಕೇಳಿ, ತೂತು ಇಲ್ಲದ್ದು. ಪಕ್ಕಪಕ್ಕ ಇಟ್ಟಾಗ ಗೋಡೆಯಲ್ಲಿ ಕಾಣದ ವ್ಯತ್ಯಾಸ ಕಾಣುತ್ತದೆ.

ಇನ್ನೊಂದು, ಸ್ಪರ್ಧೆ ಚಿಕ್ಕಮಗಳೂರು ಕಡೆ ಅಂದರೆ ಕಾಫಿ ಗುಡ್ಡವೇ ಅಂತ ಯಾಕೆ ಅಂದುಕೊಂಡಿದ್ದೀರಿ? ಅಜ್ಜಂಪುರದ ಕಡೆ ಇಟ್ಟರೆ ಎರೆ ಭೂಮಿ ಸಿಗುತ್ತದೆ. ಅದರಲ್ಲಿ ಬಿರುಕು, ಒಂದರ ಮೇಲೊಂದು ಜಾರಿ ನುಣ್ಣಗಾದ ಮುಖಗಳು, ಸುಣ್ಣದ ಗಂಟು, ಆಸಿಡ್ ಹನಿ ಹಾಕಿದರೆ ಏಳುವ ನೊರೆ, ಇದೆಲ್ಲ ಬೇಕು. ಒಂದು ದಿನ ಆ ಕಡೆಯೂ ಹೋಗಿ ಬನ್ನಿ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಸರ್ಕಾರದ ಸುಜಲಾ ಜಲಾನಯನ ಯೋಜನೆಯಲ್ಲಿ ಮಣ್ಣು ಸರ್ವೆ ಮಾಡಿ ಹಲವು ಸಣ್ಣ ಜಲಾನಯನಗಳಿಗೆ ವರದಿ ಬರೆದಿದ್ದಾರೆ. ಅದರಲ್ಲಿ ಪದರ ಪದರದ ವಿವರ ಇರುತ್ತದೆ, ಓದಿಕೊಂಡು ಹೋಗಿ.

ಜಗಳದ ವಿಷಯ. ನಾವು ಒಂದು ನಿಯಮ ಮಾಡಿಕೊಂಡಿದ್ದೆವು. ಎಲ್ಲರೂ ಅಂಕೆಯನ್ನು ಮೊದಲು ಚೀಟಿಯಲ್ಲಿ ಬರೆಯಬೇಕು, ಆಮೇಲೆ ಬಾಯಿ ಬಿಡಬೇಕು. ಇಲ್ಲದಿದ್ದರೆ ಜೋರು ಬಾಯಿಯವನು ಹೇಳಿದ್ದಕ್ಕೇ ಉಳಿದವರ ಕೈಯೂ ತಿರುಗುತ್ತದೆ. ನಿಮ್ಮಲ್ಲಿ ಮೂರು ಜನ 26, 28, 30 ಅಂದಿರಲ್ಲ, ಅದು ಮೂರು ಜನರ ಅಭಿಪ್ರಾಯವಾ, ಅಥವಾ ಒಬ್ಬ ಹೇಳಿದ್ದಕ್ಕೆ ಇಬ್ಬರು ಪಕ್ಕದ ಅಂಕೆ ಹೇಳಿದ್ದಾ?

ಗುಂಡಿಯೊಳಗಿನ ಹುಡುಗ, ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಮೇಡಂ, ನಿಮ್ಮ ಕೊನೆ ಪ್ರಶ್ನೆಗೆ ಉತ್ತರ: ಜೋರು ಬಾಯಿ ನನ್ನದೇ. 28 ಅಂತ ಮೊದಲು ಕೂಗಿದ್ದು ನಾನು. ಈ ಮಾತನ್ನು ಟೀಮಿಗೆ ಓದಿ ಹೇಳಿದೆ, ಮೂರು ಜನವೂ ಒಟ್ಟಿಗೆ ತಲೆ ಆಡಿಸಿದರು, ಅದರಲ್ಲಿ ಮಾತ್ರ ಒಗ್ಗಟ್ಟು.

ಸರ್ವೆ ಅಂಕಲ್, ನಿನ್ನೆ ರಾತ್ರಿ ಹಾಸ್ಟೆಲ್ ವರಾಂಡದಲ್ಲಿ ನೀವು ಹೇಳಿದ ಹಾಗೆ ಮಾಡಿದೆವು. ಆ ತೋಟದ ಎರಡನೇ ಪದರದ ಮಣ್ಣು ಒಂದು ಕವರ್ ಉಳಿದಿತ್ತು. ಫೋನಿನಲ್ಲಿ ಟೈಮರ್ ಇಟ್ಟು, ಸ್ಕೇಲು ಇಟ್ಟು ಅಳೆದೆವು. ಅರ್ಧ ನಿಮಿಷಕ್ಕೆ ಎಳೆದಾಗ ಎರಡು ಸೆಂಟಿಮೀಟರ್. ಎರಡು ನಿಮಿಷಕ್ಕೆ ಮೂರೂವರೆ. ಐದು ನಿಮಿಷಕ್ಕೆ ಆರು! ಅದೇ ಉಂಡೆ, ಅದೇ ಕೈ. ಮೂರನೇ ನಿಮಿಷದಲ್ಲಿ ತರಿ ತರಿ ಹೋಗಿ ಬೆರಳು ಜಾರಲು ಶುರುವಾಯಿತು, ಅದು ಗೊತ್ತಾದ ಕ್ಷಣ ಮೈ ಜುಮ್ ಅಂದಿತು ನಿಜವಾಗಿ. ಆಮೇಲೆ ಅನುಮಾನಕ್ಕೆ ಆಲೂಗಡ್ಡೆ ಹೊಲದ ಮೇಲ್ಮಣ್ಣನ್ನೂ ಹಾಗೇ ಐದು ನಿಮಿಷ ನಾದಿದೆವು. ಅದು ಒಂದೂವರೆಯಿಂದ ಅಲ್ಲಾಡಲೇ ಇಲ್ಲ. ಮರಳು ಮರಳೇ.

ಲ್ಯಾಬಿನಲ್ಲಿ ಕೇಳಿದೆ. ನೀವು ಅಂದ ಹಾಗೇ, ಅಂತರರಾಷ್ಟ್ರೀಯ ಪದ್ಧತಿ. ನಮ್ಮ ಸೀನಿಯರ್‌ಗಳು ಕಳೆದ ವರ್ಷ ಸಿಲ್ಟ್ ಕಡಿಮೆ ಬರೆದು ಬರೆದು ಮಾರ್ಕ್ಸ್ ಕಳೆದುಕೊಂಡಿದ್ದು ಯಾಕೆ ಅಂತ ಈಗ ಅರ್ಥವಾಯಿತು. ಬಾಟಲಿ ಏಳು ಸಿಕ್ಕಿವೆ, ಹಾರ್ಲಿಕ್ಸ್‌ದು ಎರಡು, ಉಳಿದದ್ದು ಉಪ್ಪಿನಕಾಯಿಯವು. ಒಂದರ ಮಣ್ಣು ಇನ್ನೂ ಮಾವಿನಕಾಯಿ ವಾಸನೆ ಬರುತ್ತದೆ, ಹಾಗಾಗಿ ಕಣ್ಣು ಮುಚ್ಚಿದರೂ ಅದು 34 ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಅದನ್ನು ಬದಲಾಯಿಸಬೇಕು.

ತೋಟದ ಮನೆಯವರೇ, ಶನಿವಾರ ಬರಬಹುದಾ? ಗುಂಡಿ ನಾವೇ ತೋಡುತ್ತೇವೆ, ನಾವೇ ಮುಚ್ಚುತ್ತೇವೆ, ಕರು ಬೀಳುವುದಿಲ್ಲ.

ಈಗ ಹೊಸ ತಲೆನೋವು. ಒಂದು ಗುಂಡಿಗೆ ಇರುವುದು 60 ನಿಮಿಷ. ಐದು ಪದರ, ಒಂದೊಂದಕ್ಕೆ ಐದು ನಿಮಿಷ ನಾದಿದರೆ 25 ನಿಮಿಷ ಅದಕ್ಕೇ ಹೋಯಿತು. ಗ್ರೂಪಿನಲ್ಲಿ ಹಂಚಿಕೊಳ್ಳಬಹುದು. ಒಬ್ಬೊಬ್ಬರೇ ಮಾಡುವ ಸುತ್ತಿನಲ್ಲಿ ಏನು ಮಾಡೋದು?

ಹಳೇ ಸರ್ವೆಯವನು, ಕಡೂರು

ಎಡಗೈ ಯಾಕಪ್ಪ ಇದೆ? ಗುಂಡಿಗೆ ಇಳಿದ ತಕ್ಷಣ ಕೆಳಗಿನ ಪದರದ ಮಣ್ಣು ಎಡಗೈಗೆ ತೆಗೆದುಕೊಂಡು ನಾದುತ್ತಲೇ ಇರು. ಬಲಗೈಯಲ್ಲಿ ಚಾಕು, ಟೇಪು, ಪೆನ್ಸಿಲು. ನೋಡುವುದು ಬರೆಯುವುದು ಎಲ್ಲ ನಡೆಯುತ್ತಿರಲಿ. ಹೊರಗೆ ಕಾಯುವ ಸರದಿ ಬಂದಾಗ ಒಂದು ಹಿಡಿ ಮಣ್ಣು ಜೊತೆಗೇ ಒಯ್ಯಿ. ನಾನು ಜೀಪಿನಲ್ಲಿ ಕೂತು ಊರಿಂದ ಊರಿಗೆ ಹೋಗುವಾಗಲೂ ಎಡಗೈಯಲ್ಲಿ ಉಂಡೆ ಇರುತ್ತಿತ್ತು, ಡ್ರೈವರ್ ಬೈಯುತ್ತಿದ್ದ. ಮತ್ತೆ ಐದೂ ಪದರಕ್ಕೆ ಐದೈದು ನಿಮಿಷ ಬೇಕಿಲ್ಲ. ಅಂಟು ಬಂದು ನಿಂತ ಮೇಲೆ ನಿಲ್ಲಿಸು. ಮೇಲಿನ ಪದರದಲ್ಲಿ ಮಾತ್ರ ಹುಷಾರು. ಎಲೆಗೊಬ್ಬರ ಜಾಸ್ತಿ ಇರುವ ಮಣ್ಣು ಮೆತ್ತಗೆ ರೇಷ್ಮೆ ಹಾಗೆ ಹತ್ತಿ, ಸಿಲ್ಟ್ ಅನ್ನಿಸಿ ಮೋಸ ಮಾಡುತ್ತದೆ.

ತೋಟದ ಮನೆ, ಮೂಡಿಗೆರೆ

ಶನಿವಾರ ಬನ್ನಿ. ಮಧ್ಯಾಹ್ನಕ್ಕೆ ಕಡುಬು ಮಾಡಿಸುತ್ತೇನೆ. ಹಿಟ್ಟು ನಾದಲು ಎಡಗೈಯವರು ಇದ್ದರೆ ಅಡುಗೆ ಮನೆಗೂ ಕಳಿಸಿ, ಕೈ ತೊಳೆದುಕೊಂಡು.

ಗುಂಡಿಯೊಳಗಿನ ಹುಡುಗ, ಹಾಸನ

ಬರುತ್ತೇವೆ ಆಂಟಿ, ನಾಲ್ಕು ಜನ ಮತ್ತು ಸರ್.

ಅಂಕಲ್, ನಿಮ್ಮ ಎಡಗೈ ಉಪಾಯ ನೋಡಿದ ಮೇಲೆ ನಾವೂ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಅಭ್ಯಾಸಕ್ಕೆ ಕೂತಾಗ ಎಲ್ಲರೂ ಎಡಗೈಗೆ ಮಣ್ಣು ತೆಗೆದುಕೊಂಡು, ಬಲಗೈಯಲ್ಲಿ ಮನೆಗೆ ಫೋನ್ ಮಾಡುವುದು. ಮಾತು ಮುಗಿಯುವವರೆಗೆ ನಾದುವುದು, ಆಮೇಲೆ ಚೀಟಿ ಬರೆಯುವುದು. ನಿನ್ನೆ ನಾನು 47 ಬರೆದೆ, ಬಾಟಲಿಯ ಕೆಳಗಿದ್ದದ್ದು 45. ನಮ್ಮ ಸೋಮಾರಿ ಮಾತ್ರ 45 ಅಂತಲೇ ಬರೆದ. ಅವರಮ್ಮ ಕೇಳಿದರಂತೆ, "ಏನೋ ಮಗ, ಈಗ ದಿನಾ ಫೋನ್ ಮಾಡ್ತೀಯ, ದುಡ್ಡು ಖಾಲಿ ಆಯ್ತಾ?"